ಅಂಡಮಾನಿನಲ್ಲಿರುವ ನನ್ನ ತಮ್ಮ

ದೆಹಲಿಗೆ ಚಳಿ ಬಂತು ಅಂತ ನಮ್ಮ ಮನೆಯಲ್ಲಿ ಮೊದಲು ಹೇಳುವುದು ನುಸಿಗುಳಿಗೆ. ನನ್ನ ಹೆಂಡತಿ ಸರೋಜ ಒಂದು ದಿನ ಬೀರು ತೆಗೆದು ಸ್ವೆಟರುಗಳನ್ನೆಲ್ಲ ಮಂಚದ ಮೇಲೆ ಗುಡ್ಡೆ ಹಾಕುತ್ತಾಳೆ. ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಆ ವಾಸನೆಗೆ ಹೋಗಿ ಕೂರಲು ಬೇರೆ ಜಾಗವಿಲ್ಲ, ಸೀದಾ ಮೂಗಿಗೆ ಬಂದು ಕೂರುತ್ತದೆ. ಆ ದಿನದ ಸಾರಿಗೂ ಅದೇ ಪರಿಮಳ. ಹೋದ ವಾರ ಹಾಗೆ ಬೀರು ತೆಗೆದಾಗ ಸ್ವೆಟರುಗಳ ಕೆಳಗಿಂದ ಒಂದು ಶಾಲು ಹೊರಗೆ ಬಂತು. ಕೆಂಪು ಅಂಚಿನ ಹಳದಿ ಶಾಲು. ಸನ್ಮಾನದಲ್ಲಿ ಹೊದಿಸುತ್ತಾರಲ್ಲ, ಯಾವ ಚಳಿಗೂ ಉಪಯೋಗಕ್ಕೆ ಬಾರದ್ದು, ಅಂಥದ್ದು.

“ರೀ, ಇದಕ್ಕೆ ಇನ್ನೂ ಎಷ್ಟು ವರ್ಷ ಗುಳಿಗೆ ಹಾಕಿ ಸಾಕಬೇಕು?” ಅಂದಳು ಸರೋಜ.

ನಾನು ಉತ್ತರ ಕೊಡಲಿಲ್ಲ. ಉತ್ತರ ಕೊಡದೆ ಇರುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ.

ಆ ಶಾಲು ನನ್ನ ತಮ್ಮನಿಗೆ ಬಂದದ್ದು. ಅವನು ಅಂಡಮಾನಿನಲ್ಲಿದ್ದಾನೆ, ದೀಪಸ್ತಂಭಗಳನ್ನು ನೋಡಿಕೊಳ್ಳುವ ಕಚೇರಿಯಲ್ಲಿ ಕೆಲಸ. ಹನ್ನೆರಡು ವರ್ಷದ ಸರ್ವೀಸು, ಎರಡು ಬಡ್ತಿ, ಒಂದು ಮೆಮೋ ಕೂಡ ಇಲ್ಲ. ನಾವಿರುವ ಆರ್.ಕೆ.ಪುರಂನ ಕನ್ನಡದವರಲ್ಲಿ ಅಷ್ಟು ಶುಭ್ರವಾದ ಸರ್ವೀಸು ಇನ್ನೊಬ್ಬರದ್ದಿಲ್ಲ. ಅದಕ್ಕೆ ಕಾರಣವೂ ಇದೆ. ಅಂಥ ಮನುಷ್ಯ ಇಲ್ಲವೇ ಇಲ್ಲ. ಅವನನ್ನು ಮಾಡಿದವನು ನಾನು.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಆಮೇಲೆ ಮೋಸ ಮಾಡಿದ ಅನ್ನಬೇಡಿ. ನಾನು ಒಂಬತ್ತನೇ ತರಗತಿಯನ್ನು ಎರಡು ವರ್ಷ ಓದಿದೆ. ಎರಡು ಸಲವೂ ಅದು ನನ್ನನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಅಪ್ಪ ತುರುವೇಕೆರೆ ಕಡೆಯಿಂದ ಬಂದು ಇಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನರಾಗಿದ್ದವರು. ಸಾಹೇಬರನ್ನು ಬೇಡಿಕೊಂಡು ನನ್ನನ್ನು ಕಚೇರಿಯ ಕ್ಯಾಂಟೀನಿನಲ್ಲಿ ಚಹಾ ಕೊಡುವ ಕೆಲಸಕ್ಕೆ ಸೇರಿಸಿದರು. ಈಗ ಅದೇ ಕ್ಯಾಂಟೀನಿನ ಸಾಂಬಾರು ನನ್ನ ಜವಾಬ್ದಾರಿ. ಕನ್ನಡ ಬರೆಯುವುದನ್ನು ಅಪ್ಪ ಮನೆಯಲ್ಲೇ ಕೋಲು ಹಿಡಿದು ಕಲಿಸಿದರು. ಬರೆಯಲು ಕೂತರೆ ಈಗಲೂ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ನನಗೆ ಒಬ್ಬಳೇ ತಂಗಿ, ನಳಿನಿ. ಟಿ.ವಿ. ಮತ್ತು ಸಿನಿಮಾ ನಿರ್ದೇಶಕಿ. ಅವಳು ಹುಟ್ಟಿದಾಗ ಗಂಡು ಮಗು ಅಂದರು, ಗಂಡು ಹೆಸರಿಟ್ಟರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದೀಗ ಅಂಡಮಾನಿನವನ ಸ್ವತ್ತು, ಅವನೇ ಇಟ್ಟುಕೊಳ್ಳಲಿ. ಅಮ್ಮ ಮಾತ್ರ ಮೊದಲಿಂದಲೂ ‘ಪುಟ್ಟ’ ಅನ್ನುತ್ತಿದ್ದಳು, ಹಾಗಾಗಿ ಅಮ್ಮನಿಗೆ ಹೆಸರಿನ ತೊಂದರೆ ಬರಲಿಲ್ಲ.

ಅವಳು ಬುದ್ಧಿವಂತೆ. ಬೋರ್ಡಿಂಗ್ ಶಾಲೆ, ಹಾಸ್ಟೆಲ್ ಅಂತ ಸ್ಕಾಲರ್‌ಶಿಪ್‌ಗಳ ಮೇಲೆಯೇ ಬೆಳೆದು ಅಪ್ಪ ತೀರಿಕೊಂಡ ವರ್ಷ ದೆಹಲಿಯಲ್ಲಿ ಎಂ.ಎ. ಮುಗಿಸಿ ಮುನಿರ್ಕಾದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದಳು. ಬಿಸಿಲು ಬೇಕೆಂದರೆ ಟೆರೇಸಿಗೇ ಹತ್ತಬೇಕಾದಂಥ ಕೋಣೆ. ನಮ್ಮ ಕ್ವಾರ್ಟರ್ಸಿನಿಂದ ನಡೆದೇ ಹೋಗಬಹುದು. ಪ್ರತಿ ಭಾನುವಾರ ಡಬ್ಬಿಯಲ್ಲಿ ಊಟ ಒಯ್ಯುತ್ತಿದ್ದೆ. ಹನ್ನೆರಡು ವರ್ಷದ ಹಿಂದೆ ಒಂದು ಭಾನುವಾರ ಬಾಗಿಲು ತೆಗೆದವಳು ಸಲ್ವಾರ್ ಕಮೀಜ್ ಹಾಕಿದ್ದಳು. ಕೂರಿಸಿ, ನೀರು ಕೊಟ್ಟು, ಹೇಳಿದಳು.

“ಅಣ್ಣಾ, ನಾನು ನಿನ್ನ ತಮ್ಮ ಅಲ್ಲ. ಯಾವತ್ತೂ ಆಗಿರಲಿಲ್ಲ. ತಂಗಿ. ನಳಿನಿ ಅಂತ ಹೆಸರು ಇಟ್ಕೊಂಡಿದೀನಿ.”

ನಾನು ಏನು ಹೇಳಿರಬಹುದು ಅಂದುಕೊಳ್ಳುತ್ತೀರಿ? “ಬಿಸಿಬೇಳೆಬಾತ್ ಆರಿಹೋಗುತ್ತೆ, ಮೊದಲು ತಿನ್ನು” ಅಂದೆ. ತಿಂದಳು. ನಾನು ಗೋಡೆಯ ಮೇಲಿನ ಸ್ವಿಚ್‌ಗಳನ್ನು ನೋಡುತ್ತಾ ಕೂತೆ. ತಿಂದಾದ ಮೇಲೆ, “ಡಬ್ಬಿ ತೊಳೆದು ಕೊಡ್ತೀಯಾ, ಹಾಗೇ ಕೊಡ್ತೀಯಾ?” ಅಂದೆ. ಒಬ್ಬ ಮನುಷ್ಯ ತನ್ನ ಜೀವಮಾನದ ಗುಟ್ಟು ಬಿಚ್ಚಿಟ್ಟಾಗ ನಾನು ಆಡಿದ ಮಾತುಗಳು ಇವು. ಬಾಗಿಲಲ್ಲಿ ಮಾತ್ರ ಒಂದು ಗಟ್ಟಿ ಮಾತು ಹೇಳಿದೆ: “ಕ್ವಾರ್ಟರ್ಸ್ ಕಡೆ ಬರಬೇಡ. ಅಮ್ಮನಿಗೆ ನಾನೇ ನಿಧಾನವಾಗಿ ಹೇಳ್ತೀನಿ.”

ಆ ನಿಧಾನ ಏಳು ವರ್ಷ ನಡೆಯಿತು.

ಅದೇ ವಾರ ಪಾರ್ಕಿನಲ್ಲಿ ವೆಂಕಟರಾಯರು ಸಿಕ್ಕರು. ರಾಯರು ರಿಟೈರ್ಡ್ ಸೆಕ್ಷನ್ ಆಫೀಸರ್, ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಮಗನಿಗೆ ಅಲಾಟ್ ಆದ ಕ್ವಾರ್ಟರ್ಸಿಗೆ, ನಮ್ಮ ಎದುರು ಬ್ಲಾಕಿಗೆ, ಆಗಷ್ಟೇ ಬಂದಿದ್ದರು. ಬೇರೆಯವರಿಗೆ ವಿಷ್ಣು ಸಹಸ್ರನಾಮ ಬರುವ ಹಾಗೆ ಅವರಿಗೆ ಸರ್ವೀಸ್ ರೂಲ್ಸ್ ಬಾಯಿಗೆ ಬರುತ್ತದೆ.

“ಏನಯ್ಯಾ, ನಿನಗೊಬ್ಬ ತಮ್ಮ ಇದಾನಂತೆ, ಎಂ.ಎ. ಅಂತೆ. ಕಾಣೋದೇ ಇಲ್ಲವಲ್ಲ?”

ನಮ್ಮ ಕ್ಯಾಂಟೀನಿನ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು. ಆ ತಿಂಗಳ ಚಿತ್ರದಲ್ಲಿ ನೀಲಿ ಸಮುದ್ರ, ಬಿಳಿ ದೀಪಸ್ತಂಭ. ನಾನು ದಿನವಿಡೀ ಅದರ ಎದುರೇ ಈರುಳ್ಳಿ ಹೆಚ್ಚುತ್ತಿದ್ದೆ.

“ಅಂಡಮಾನಿನಲ್ಲಿದಾನೆ ರಾಯರೇ. ಲೈಟ್‌ಹೌಸ್ ಕಚೇರಿಯಲ್ಲಿ ಕೆಲಸ ಸಿಕ್ತು.”

ಬೇರೆ ಯಾವ ಊರಿನಲ್ಲಾದರೂ ಈ ಸುಳ್ಳು ಅಲ್ಲಿಗೇ ಮುಗಿಯುತ್ತಿತ್ತು. ಆರ್.ಕೆ.ಪುರಂ ಬೇರೆ. ಇಲ್ಲಿ ಒಬ್ಬ ಸರ್ಕಾರಿ ಕೆಲಸಕ್ಕೆ ಸೇರಿದ ಅಂದರೆ ಅವನ ಮುಂದಿನ ಬದುಕು ಪಾರ್ಕಿನ ಬೆಂಚಿನವರದ್ದು. ಎರಡು ವರ್ಷ ಕಳೆಯುತ್ತಲೇ ರಾಯರು ಕೇಳಿದರು, “ಪ್ರೊಬೇಷನ್ ಮುಗೀತಲ್ಲ, ಕನ್ಫರ್ಮ್ ಆದನಾ?” “ಆದ” ಅಂದೆ. ಮೂರನೇ ವರ್ಷ, “ದ್ವೀಪದಲ್ಲಿ ಮೂರು ವರ್ಷ ಇದ್ದವನು ಬೇಕಾದ ಊರಿಗೆ ವರ್ಗ ಕೇಳಬಹುದು. ದೆಹಲಿ ಕೇಳು ಅಂತ ಹೇಳು” ಅಂದರು.

“ಅವನಿಗೆ ಅಲ್ಲೇ ಇಷ್ಟವಂತೆ.”

“ಇಷ್ಟವಾ? ಯಾರಾದರೂ ಹುಡುಗಿ ವಿಷಯವೇನಯ್ಯಾ?”

“ಇಲ್ಲ ರಾಯರೇ. ದೀಪಸ್ತಂಭದ ವಿಷಯ.”

ಐದನೇ ವರ್ಷ ದೊಡ್ಡ ಗಂಡಾಂತರ ಬಂತು. ತಮ್ಮನಿಗೆ ಬಡ್ತಿ ಕೊಡಲು ನಾನು ಮರೆತಿದ್ದೆ. ರಾಯರು ಕೆಂಡವಾದರು. ಅನ್ಯಾಯ, ದೂರದಲ್ಲಿರುವ ಬಡಪಾಯಿಯನ್ನು ತುಳಿಯುತ್ತಿದ್ದಾರೆ ಅಂತ ಮೂರು ಪುಟದ ಅಹವಾಲು ತಾವೇ ಬರೆದು, ರೂಲು ನಂಬರುಗಳ ಕೆಳಗೆ ಕೆಂಪು ಗೆರೆ ಎಳೆದು, “ಅವನ ಸಹಿ ಹಾಕಿಸಿ ಕಳಿಸು, ನೋಡೋಣ ಹೇಗೆ ಕೊಡಲ್ಲ” ಅಂದರು. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಒಂದು ವಾರ ಮಲಗಿದೆ. ಎಂಟನೇ ದಿನ ಬಡ್ತಿ ಕೊಟ್ಟೆ. ರಾಯರು ತಮ್ಮ ಅಹವಾಲಿನ ಶಕ್ತಿಯನ್ನು ಇಡೀ ಬ್ಲಾಕಿಗೆ ಹೇಳಿಕೊಂಡು ಬಂದರು. ಸ್ವೀಟು ಹಂಚದಿದ್ದರೆ ಬಿಡುತ್ತಾರೆಯೇ? ಹಂಚಿದೆ.

ಮಿಕ್ಕ ಲಾಡುಗಳನ್ನು ಮುನಿರ್ಕಾಕ್ಕೆ ಒಯ್ದೆ. ನಳಿನಿ ಒಂದು ತಿಂದು, “ಯಾತಕ್ಕೆ ಇದು?” ಅಂದಳು.

“ನಿನಗೆ ಪ್ರಮೋಷನ್ ಆಗಿದೆ.”

ವಿಷಯ ತಿಳಿದು ಬಿಕ್ಕಳಿಕೆ ಬರುವವರೆಗೆ ನಕ್ಕಳು. ನೀರು ಕುಡಿದು, ಇನ್ನೊಂದು ಲಾಡು ಕೈಗೆ ತಗೊಂಡು, “ಅಣ್ಣಾ, ಇವತ್ತು ಬೆಳಗ್ಗೆ ನನ್ನ ಕೆಲಸ ಹೋಯ್ತು” ಅಂದಳು.

ಆಗ ಅವಳು ಒಂದು ನ್ಯೂಸ್ ಚಾನೆಲಿನಲ್ಲಿ ದೆವ್ವಗಳ ಕಾರ್ಯಕ್ರಮ ಮಾಡುತ್ತಿದ್ದಳು. ಹಾಳು ಬಾವಿ, ತಾನಾಗಿ ತೂಗುವ ಉಯ್ಯಾಲೆ, ಕಣ್ಣೀರಿಡುವ ಗೋಡೆ. ಗೋಡೆಗೆ ಒಳಗಿಂದ ನೀರು ಬಿಡುವುದು ಅವಳ ಕೆಲಸ. ತನ್ನ ಕಾಗದಪತ್ರಗಳಲ್ಲಿ ಹೆಸರು ಬದಲಿಸಿಕೊಂಡು ಆಫೀಸಿಗೆ ಕೊಟ್ಟಾಗ ಅವಳ ಮೇಲಿನವನು, ಇದನ್ನೆಲ್ಲ ನೋಡುಗರು ನಂಬುವುದಿಲ್ಲ ಅಂದನಂತೆ. ಐದು ವರ್ಷ ಉಯ್ಯಾಲೆಯ ದೆವ್ವವನ್ನು ನಂಬಿಸಿದವನು!

ಆಮೇಲೆ ಅಪರಾಧದ ಕಾರ್ಯಕ್ರಮಕ್ಕೆ ಸೇರಿದಳು. ನಡೆದ ಕೊಲೆಗಳನ್ನು ಮತ್ತೆ ನಟಿಸಿ ತೋರಿಸುತ್ತಾರಲ್ಲ, ಅದು. ಮೊದಲು ಸಹಾಯಕಿ, ಆರೇ ತಿಂಗಳಿಗೆ ನಿರ್ದೇಶಕಿ. ಒಂದು ದಿನ ಫೋನು: “ಅಣ್ಣಾ, ಹೆಣ ಬಂದಿಲ್ಲ, ನೀನು ಬರ್ತೀಯಾ?” ಗುರುಗ್ರಾಮದಲ್ಲಿ ಅರ್ಧ ಕಟ್ಟಿ ನಿಲ್ಲಿಸಿದ ಒಂದು ಎತ್ತರದ ಕಟ್ಟಡ. ಹೋದೆ. ಯಾರೂ ನನ್ನ ಗುರುತಿನವರಿಲ್ಲದ ಜಾಗಕ್ಕೆ ನಾನು ಯಾವಾಗಲೂ ಖುಷಿಯಾಗಿ ಹೋಗುತ್ತಿದ್ದೆ ಅನ್ನುವುದನ್ನು ಗಮನಿಸಿ. ಎದೆಗೆ ಟೊಮೆಟೊ ಬಣ್ಣ ಬಳಿದು ಸಿಮೆಂಟಿನ ಮೇಲೆ ಮಲಗಿಸಿದರು. ಧೂಳಿಗೆ ಕೆಮ್ಮು ಬಂತು.

“ಅಣ್ಣಾ, ಸತ್ತವರು ಕೆಮ್ಮಲ್ಲ. ಒನ್ ಮೋರ್.”

ಎರಡನೇ ಸಲ ಹೊಟ್ಟೆ ಏರಿಳಿಯಿತು. “ಒನ್ ಮೋರ್.” ಮೂರನೇ ಸಲ ಮೂಗಿನ ಮೇಲೆ ನೊಣ ಕೂತಿತು. “ಒನ್ ಮೋರ್.” ಏಳು ಸಲ ಸತ್ತೆ. ಅವಳಿಗೆ ಬೇಸರವೇ ಇಲ್ಲ. ಸರಿಯಾಗುವವರೆಗೆ ಕಾಯುವವಳು, ಅವಸರವಿಲ್ಲ, ರೇಗುವುದಿಲ್ಲ. ಅರವತ್ತು ಜನ ಅವಳ ಒಂದು ಮಾತಿಗೆ ನಿಲ್ಲುತ್ತಿದ್ದರು, ಒಂದು ಮಾತಿಗೆ ಓಡುತ್ತಿದ್ದರು. ಸತ್ತವನು ಕಣ್ಣು ಮುಚ್ಚಿರಬೇಕು. ನಾನು ರೆಪ್ಪೆಯ ಸಂದಿಯಿಂದ ಅವಳನ್ನೇ ನೋಡುತ್ತಿದ್ದೆ. ಆ ಕಂತು ಬಂದ ಮರುದಿನ ರಾಯರು, “ಟಿ.ವಿ.ಯಲ್ಲಿ ಒಂದು ಹೆಣ ನೋಡಿದೆ, ಥೇಟ್ ನಿನ್ನ ಹಾಗೇ ಇತ್ತಯ್ಯಾ. ಆದರೆ ಉಸಿರಾಡ್ತಾ ಇತ್ತು” ಅಂದರು.

ಅಲ್ಲಿಂದ ಅವಳು ನೋಯ್ಡಾದ ಒಂದು ಸ್ಟುಡಿಯೋದಲ್ಲಿ ಅತ್ತೆ ಸೊಸೆಯರ ಹಿಂದಿ ಸೀರಿಯಲ್ ಹಿಡಿದಳು. ಅಲ್ಲೊಬ್ಬ ನಿರ್ಮಾಪಕ. ಟೈಟಲಿನಲ್ಲಿ ಅವಳ ಹೆಸರು ಹಾಕಲು ಅವನಿಗೆ ಹಿಂಜರಿಕೆ, ಆದರೆ ಮುಹೂರ್ತಕ್ಕೆ ಕ್ಯಾಮೆರಾದ ಮೇಲೆ ಅವಳು ಕೈಯಿಟ್ಟು ಹರಸಬೇಕು! ನಿಮ್ಮಂಥವರ ಆಶೀರ್ವಾದ ಒಳ್ಳೆಯದಂತೆ ಅಂದನಂತೆ. ಇವಳು, “ಹೆಸರು ಪರದೆ ಮೇಲೆ ಬರಲಿ, ಅವತ್ತೇ ಹರಸ್ತೀನಿ. ಅಲ್ಲಿವರೆಗೆ ಶಾಪದ ಜವಾಬ್ದಾರಿ ನನ್ನದಲ್ಲ” ಅಂದಳು. ಹೆಸರು ಮೊದಲ ಕಂತಿನಿಂದಲೇ ಬಂತು. ಇನ್ನೊಂದು ತಕರಾರು ಶೌಚಾಲಯದ್ದು. ಗಂಡಸರದ್ದಕ್ಕೆ ಇವಳು ಹೋಗುವುದಿಲ್ಲ, ಹೆಂಗಸರದ್ದಕ್ಕೆ ಬೇಡ ಅಂತ ಒಬ್ಬಿಬ್ಬರು ದೂರು ಕೊಟ್ಟರು. ಮೂರನೇ ಬಾಗಿಲು ಸೆಟ್ಟಿನ ಬಂಗಲೆಯಲ್ಲಿತ್ತು. ಅದನ್ನು ತೆಗೆದರೆ ಹಿಂದೆ ಪ್ಲೈವುಡ್. ಕೊನೆಗೆ ಪರದೆಯ ಮೇಲೆ ಸೊಸೆಗೆ ವಿಷ ಹಾಕುವ ಅತ್ತೆ, ಆ ಹಿರಿಯ ನಟಿ, ತನ್ನ ವ್ಯಾನಿನ ಬೀಗದ ಕೈಯನ್ನೇ ಕೊಟ್ಟು, “ಬೇಟಿ, ಇದು ನಿಂದೇ ಅಂದ್ಕೋ” ಅಂದಳಂತೆ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಒಂದು ಸೀರಿಯಲಿನ ಕೆಟ್ಟ ಅತ್ತೆಗೆ ಬಂದ ಮಾತು ನನಗೆ ಬರಲಿಲ್ಲವಲ್ಲ.

ಸೀರಿಯಲ್ ನಮ್ಮ ಬ್ಲಾಕಿನಲ್ಲಿ ಮನೆಮನೆಯಲ್ಲೂ ಓಡಿತು. ರಾಯರ ಹೆಂಡತಿ ಪದ್ಮಕ್ಕ ಮಧ್ಯಾಹ್ನದ ಮರುಪ್ರಸಾರಕ್ಕೆ ನಮ್ಮ ಮನೆಗೇ ಬರುತ್ತಿದ್ದರು. ಅಮ್ಮನೂ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಪರದೆಯ ಮೇಲೆ ನಳಿನಿ ಅಂತ ಬಂದಾಗ ಸರೋಜ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ಮದುವೆಯಾದ ಹೊಸದರಲ್ಲೇ ಹೇಳಿದ್ದೆ. ಆಗ ಅವಳು ಕೇಳಿದ್ದು ಒಂದೇ: “ಇದರಲ್ಲಿ ಮುಚ್ಚಿಡೋದು ಏನಿದೆ?”

ಅಮ್ಮನ ವಿಷಯ ಹೇಳಬೇಕು. ಅಮ್ಮನಿಗೂ ನಾನು ಅಂಡಮಾನೇ ಹೇಳಿದ್ದೆ. ನಳಿನಿ ಪ್ರತಿ ಭಾನುವಾರ ‘ಅಂಡಮಾನಿನಿಂದ’ ಫೋನು ಮಾಡುತ್ತಿದ್ದಳು. ಅದು ನಾನು ಮಾಡಿಸಿದ ಏರ್ಪಾಡು; ಅಮ್ಮನ ಧ್ವನಿ ಕೇಳಬೇಕೆಂದು ಅವಳು ಒಪ್ಪಿದಳು. ಎಡಿಟಿಂಗ್ ಕೋಣೆಯಲ್ಲಿ ಸಮುದ್ರದ ಸದ್ದು ನಾಲ್ಕು ಬಗೆಯದ್ದಿತ್ತಂತೆ: ಸಾಧಾರಣ, ಬಿರುಗಾಳಿ, ಹಕ್ಕಿ ಸಮೇತ, ಹಡಗು ಸಮೇತ. ಅದರಲ್ಲೊಂದನ್ನು ಹಿಂದೆ ಹಾಕಿಕೊಂಡು ಮಾತಾಡುತ್ತಿದ್ದಳು. “ಇವತ್ತು ಸಮುದ್ರ ಜೋರಾಗಿದೆ, ಹೊರಗೆ ಹೋಗಬೇಡ ಪುಟ್ಟ” ಅನ್ನುತ್ತಿದ್ದಳು ಅಮ್ಮ. ಮಗಳು ಕೂತಿದ್ದದ್ದು ಬಸ್ಸಿನಲ್ಲಿ ನಾಲ್ಕು ಸ್ಟಾಪ್ ಆಚೆ.

ಐದು ವರ್ಷದ ಹಿಂದೆ ಅಮ್ಮ ತೀರಿಕೊಂಡಳು. ನಳಿನಿ ಬಿಳಿ ಸೀರೆಯುಟ್ಟು ಬಂದಳು. ಬಾಗಿಲಲ್ಲಿ ರಾಯರು ಯಾರೆಂದು ಕೇಳುವ ಮೊದಲೇ ನನ್ನ ಬಾಯಿಂದ, “ನಮ್ಮ ಮಗಳ ಸ್ಕೂಲ್ ಟೀಚರ್” ಅಂತ ಬಂತು. ಮಗಳು ಆಗಷ್ಟೇ ನರ್ಸರಿಗೆ ಸೇರಿದ್ದಳು. ಅವಳು ನನ್ನನ್ನು ಒಮ್ಮೆ ನೋಡಿ, ಒಳಗೆ ಹೋಗಿ, ಟೀಚರ್ ಹಾಗೆ ಮೂಲೆಯಲ್ಲಿ ಕೂತಳು. ಅಳು ಮಾತ್ರ ಟೀಚರದ್ದಾಗಿರಲಿಲ್ಲ. ಪದ್ಮಕ್ಕ ಅವಳ ಬೆನ್ನು ಸವರುತ್ತಾ, “ಒಂದು ಸಲವೂ ನೋಡದ ಮುದುಕಿಗೆ ಇಷ್ಟು ಅಳ್ತೀರಲ್ಲ ಟೀಚರ್, ಎಂಥ ಮನಸ್ಸು ನಿಮ್ಮದು” ಅನ್ನುತ್ತಿದ್ದರು. ನಾನು ಬಂದವರಿಗೆ ಚಹಾ ಕೊಡುತ್ತಿದ್ದೆ. ತಮ್ಮ ಯಾಕೆ ಬರಲಿಲ್ಲ ಅಂತ ಯಾರೋ ಕೇಳಿದರೆ, ರಾಯರೇ ಮುಂದೆ ಬಂದು, “ಈ ತಿಂಗಳು ಅಲ್ಲಿ ಸೈಕ್ಲೋನ್ ಕಣ್ರೀ, ವಿಮಾನ ಎಲ್ಲಿ ಹಾರುತ್ತೆ” ಅಂದರು. ಆ ಹೊತ್ತಿಗೆ ನನ್ನ ತಮ್ಮನಿಗೆ ನನ್ನ ಸಹಾಯವೂ ಬೇಕಿರಲಿಲ್ಲ.

ಎರಡು ವರ್ಷ ಬಿಟ್ಟು ಅವಳು ಸಿನಿಮಾ ಮಾಡಿದಳು. ಮಗ ಸಮುದ್ರದಲ್ಲಿದ್ದಾನೆ ಅಂದುಕೊಂಡು ಫೋನಿಗೆ ಕಾಯುವ ಒಬ್ಬ ತಾಯಿಯ ಕಥೆ. ನಾನು, ಸರೋಜ ಕೊನೆಯ ಸಾಲಿನಲ್ಲಿ ಕೂತು ನೋಡಿದೆವು. ಕೊನೆಗೊಂದು ದೃಶ್ಯ. ಬೇಸಿಗೆಯ ಮಧ್ಯಾಹ್ನ, ತಾಯಿ ಬಾಲ್ಕನಿಯಲ್ಲಿ ಫೋನು ಹಿಡಿದು ನಿಂತಿದ್ದಾಳೆ. ಕೆಳಗೆ ರಸ್ತೆಯಾಚೆ ಬೇವಿನ ಮರದ ಹತ್ತಿರ ಸೀರೆಯುಟ್ಟ ಮಗಳು, ಅವಳ ಕೈಯಲ್ಲೂ ಫೋನು. ಹಳೇ ಪೇಪರು, ಗುಜರಿ ಕೊಳ್ಳುವ ಕಬಾಡಿಯವನು ಕೂಗುತ್ತಾ ಹೋಗುತ್ತಾನೆ. ತಾಯಿಗೆ ಆ ಕೂಗು ರಸ್ತೆಯಿಂದಲೂ ಕೇಳುತ್ತದೆ, ಫೋನಿನಿಂದಲೂ ಕೇಳುತ್ತದೆ.

“ಅಲ್ಲೂ ಕಬಾಡಿಯವನು ಬರ್ತಾನಾ?” ಅನ್ನುತ್ತಾಳೆ ತಾಯಿ.

“ಬರ್ತಾನಮ್ಮ.”

“ದೋಣಿಯಲ್ಲಿ ಬರ್ತಾನೇನೋ.” ಆಮೇಲೆ ಬೇವಿನ ಮರದ ಕಡೆ ನೋಡುತ್ತಾ, “ಬಿಸಿಲು ಜೋರಾಗಿದೆ ಪುಟ್ಟ. ತಲೆ ಮೇಲೆ ಸೆರಗು ಹಾಕ್ಕೋ” ಅಂದು ಫೋನಿಟ್ಟು ಒಳಗೆ ಹೋಗುತ್ತಾಳೆ.

ಹೊರಗೆ ಬಂದು ನಳಿನಿಯನ್ನು ಕೇಳಿದೆ, “ಆ ಮಾತು ನೀನು ಬರೆದದ್ದಾ?”

“ಇಲ್ಲ ಅಣ್ಣಾ. ಅಮ್ಮ ಹೇಳಿದ್ದು.”

ಅಮ್ಮನಿಗೆ ನಿಧಾನವಾಗಿ ಹೇಳುತ್ತೇನೆ ಅಂದಿದ್ದೆ. ಅಮ್ಮ ನನಗಾಗಿ ಕಾಯಲಿಲ್ಲ.

ಆ ಸಿನಿಮಾಕ್ಕೆ ಹೊರದೇಶದಲ್ಲಿ ಬಹುಮಾನ ಬಂತು. ಅವಳು ಗುರುಗ್ರಾಮದ ಫ್ಲ್ಯಾಟಿಗೆ ಹೋದಳು. ಪತ್ರಿಕೆಯಲ್ಲಿ ಅವಳ ಫೋಟೋ ನೋಡಿ ರಾಯರು ಓಡಿಬಂದರು. “ನಿರ್ದೇಶಕಿ ಕನ್ನಡದವಳಂತೆ ಕಣಯ್ಯಾ! ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿ ಮಾಡಿಬಿಡೋಣ. ಟ್ರಾನ್ಸ್‌ಜೆಂಡರ್ ಅಂತ ಬರೆದಿದಾರೆ. ಒಬ್ಬಿಬ್ಬರು ಗೊಣಗ್ತಾರೆ. ಸಂಘದ ಬೈಲಾ ಪೂರ್ತಿ ಓದಿದೆ, ಎಲ್ಲೂ ಬೇಡ ಅಂತ ಬರೆದಿಲ್ಲ.”

ಹತ್ತು ವರ್ಷ ಯಾರಿಗೆ ಹೆದರಿ ಬದುಕಿದ್ದೆನೋ ಆ ಮನುಷ್ಯ ಬೈಲಾ ಓದಿ ಐದು ನಿಮಿಷದಲ್ಲಿ ಮುಗಿಸಿದ್ದರು. ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರು, “ಇನ್ನೊಂದು ಸನ್ಮಾನ ನಿನ್ನ ತಮ್ಮನಿಗೆ. ಎರಡನೇ ಬಡ್ತಿ ಬಂದಿದೆ, ದ್ವೀಪದಲ್ಲಿ ಹತ್ತು ವರ್ಷ. ಅವನ ಪರವಾಗಿ ನೀನು ಶಾಲು ತಗೊಳ್ಳಬೇಕು” ಅಂದರು. ಬಾಯಿ ಮುಚ್ಚಿತು. ಮೊದಲು ತಂಗಿಯ ವಿಷಯಕ್ಕೆ ನಾಚುತ್ತಿದ್ದೆ. ಈಗ ಆ ನಾಚಿಕೆ ಹೋಗಿ, ಸುಳ್ಳಿನ ನಾಚಿಕೆ ಅದರ ಕುರ್ಚಿಯಲ್ಲಿ ಕೂತಿತ್ತು.

ರಾಜ್ಯೋತ್ಸವದ ದಿನ ಸಂಘದ ಸಭಾಂಗಣ ತುಂಬಿತ್ತು. ಪದ್ಮಕ್ಕ ನಳಿನಿಗೆ ಕುಂಕುಮ ಕೊಡುತ್ತಾ, “ನಿಮ್ಮನ್ನ ಎಲ್ಲೋ ನೋಡಿದೀನಿ” ಅಂದರು. “ಟಿ.ವಿ.ಯಲ್ಲಿ ಇರಬೇಕು” ಅಂದಳು ಇವಳು. ರಾಯರು ಅಭಿನಂದನಾ ಪತ್ರ ಓದಿದರು. ನನ್ನ ತಮ್ಮ ಸರಳಜೀವಿ, ಕರ್ತವ್ಯನಿಷ್ಠ, ಮಾತೃಭಕ್ತ. ಅಲೆಗಳ ನಡುವೆ ದೀಪ ಉರಿಸುತ್ತಿರುವ ಕನ್ನಡದ ಕಂದ. ನಳಿನಿ ತುಟಿ ಕಚ್ಚಿಕೊಂಡು ಎದುರು ಗೋಡೆಯ ಫ್ಯಾನು ನೋಡುತ್ತಿದ್ದಳು. ಆಮೇಲೆ, “ಮುಖ್ಯ ಅತಿಥಿಗಳು ಶಾಲು ಹೊದಿಸಬೇಕು” ಅಂದರು.

ತನಗೆ ಬಂದ ಶಾಲನ್ನು ಅವಳೇ ಎತ್ತಿ ನನಗೆ ಹೊದಿಸಿದಳು. ಕಿವಿಯ ಹತ್ತಿರ ಬಗ್ಗಿ, “ಅಣ್ಣಾ, ಬೆಳಕು ಎಡಗಡೆ ಇದೆ, ಆ ಕಡೆ ತಿರುಗು” ಅಂದಳು. ತಿರುಗಿದೆ. ಫೋಟೋ ತೆಗೆದರು. ಭಾಷಣದಲ್ಲಿ ಅವಳು ಅಂದದ್ದು ಇಷ್ಟು: “ಅಂಡಮಾನಿನಲ್ಲಿರುವ ಆ ತಮ್ಮನನ್ನು ನಾನು ಯಾವತ್ತೂ ನೋಡಿಲ್ಲ. ಅವರು ತುಂಬ ದೂರದಲ್ಲಿದ್ದಾರೆ. ಮನೆಗೆ ಬರಲು ಅವರಿಗೆ ಬೇಗ ರಜೆ ಸಿಗಲಿ.” ಜನ ಚಪ್ಪಾಳೆ ಹೊಡೆದರು. ಮೈಕು ನನ್ನಿಂದ ಎರಡು ಹೆಜ್ಜೆ ದೂರದಲ್ಲಿತ್ತು. ನಾನೂ ಚಪ್ಪಾಳೆ ಹೊಡೆದೆ.

ಸಂಜೆ ಫೋನು ಮಾಡಿದಳು. “ಆ ಶಾಲು ನನ್ನದು ಅಣ್ಣಾ. ಇಲ್ಲಿಗೆ ತಂದುಕೊಡಬೇಡ. ಮನೆಗೇ ಬಂದು ತಗೋತೀನಿ, ಎಲ್ಲರ ಎದುರಿಗೆ. ನೀನು ಕರೆದಾಗ ಬರ್ತೀನಿ. ಅಲ್ಲಿವರೆಗೆ ನಾನು ಫೋನು ಮಾಡಲ್ಲ.” ಎರಡು ವರ್ಷ ಕರೆಯಲಿಲ್ಲ. ಅವಳೂ ಮಾಡಲಿಲ್ಲ. ಶಾಲು ಬೀರುವಿನಲ್ಲಿ ಉಳಿಯಿತು, ಸರೋಜ ವರ್ಷವರ್ಷ ಗುಳಿಗೆ ಬದಲಿಸಿದಳು.

ಹೋದ ವಾರ ಅದು ಹೊರಬಂದ ದಿನವೇ ಪಾರ್ಕಿಗೆ ಹೋದೆ. ರಾಯರು, ಪದ್ಮಕ್ಕ, ಇನ್ನೂ ನಾಲ್ಕು ಜನ ಬಿಸಿಲಿಗೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ನಿಂತಲ್ಲೇ ಹೇಳಿದೆ.

“ಅಂಡಮಾನಿನಲ್ಲಿ ನನಗೆ ತಮ್ಮ ಇಲ್ಲ.”

ರಾಯರು ಕಡಲೆಕಾಯಿ ಕೆಳಗಿಟ್ಟರು. “ಏನು ಜಗಳ ಆಯ್ತು?”

“ಜಗಳ ಇಲ್ಲ ರಾಯರೇ. ಅಂಥವನು ಇಲ್ಲವೇ ಇಲ್ಲ. ನಾನು ಕಟ್ಟಿ ಹೇಳಿದ್ದು.”

“ಊರ ಕಡೆ ಆಸ್ತಿ ವಿಷಯವಾ?”

“ಇಲ್ಲ ಅಂತೀನಲ್ಲ!”

ರಾಯರು ಎದ್ದು ನಿಂತರು. “ನಾಚಿಕೆಯಾಗಲ್ವೇನಯ್ಯಾ? ಒಂದೇ ಹೊಟ್ಟೆಯಲ್ಲಿ ಹುಟ್ಟಿದವರನ್ನ ಇಲ್ಲ ಅಂತೀಯಾ? ಆ ಜೀವ ಅಷ್ಟು ದೂರದಲ್ಲಿ ಒಂಟಿಯಾಗಿದೆ. ತಾಯಿ ಸತ್ತಾಗ ಬರೋದಕ್ಕೂ ಆಗಲಿಲ್ಲ. ಅಣ್ಣ ಅನ್ನಿಸಿಕೊಂಡವನು ನೀನು, ಇದ್ದವರನ್ನೇ ಇಲ್ಲ ಅಂದುಬಿಟ್ಟರೆ ಅವರು ಯಾರ ಹತ್ತಿರ ಹೋಗಬೇಕು?”

“ಸರಿಯಾಗಿ ಹೇಳಿ” ಅಂದರು ಪದ್ಮಕ್ಕ.

ತಲೆ ತಗ್ಗಿಸಿ ನಿಂತೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ಹನ್ನೆರಡು ವರ್ಷದಿಂದ ಯಾರಾದರೂ ನನಗೆ ಹೇಳಬೇಕಾಗಿದ್ದ ಮಾತೆಲ್ಲ ಒಟ್ಟಿಗೆ ಬಂದಿತ್ತು, ಇಲ್ಲದವನ ಪರವಾಗಿ ಬಂದಿತ್ತು, ಅಷ್ಟೇ. ಇದ್ದವಳ ವಿಷಯ ಹೇಳಲು ಹೊರಟರೆ ರಾಯರು ಕೈ ಅಡ್ಡ ಹಿಡಿದರು. “ಬಾಯಿ ಮಾತು ನಾನು ಕೇಳಲ್ಲ. ಏನಿದ್ದರೂ ಬರೆದು ಕೊಡು.”

ಬರೆದು ಕೊಟ್ಟದ್ದನ್ನು ಮಾತ್ರ ನಂಬುವ ಜನ ನಾವು. ನಾಲ್ಕು ದಿನ ಕೂತು ಬರೆದೆ. ನೀವು ಇಲ್ಲಿಯವರೆಗೆ ಓದಿದ್ದು ಹೆಚ್ಚುಕಡಿಮೆ ಅದೇ.

ನಿನ್ನೆ ಸಂಜೆ ಒಯ್ದುಕೊಟ್ಟೆ. ರಾಯರು ಕೆಂಪು ಪೆನ್ನು ಹಿಡಿದು, ಎರಡು ಕಡೆ ಒತ್ತಕ್ಷರ ತಿದ್ದಿ, ಪೂರ್ತಿ ಓದಿದರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಆ ಟೀಚರ್?”

“ಅವಳೇ.”

“ನಾನು ಬರೆದ ಅಹವಾಲು?”

“ದಿಂಬಿನ ಕೆಳಗೆ ಇತ್ತು.”

“ಒಳ್ಳೆಯ ಡ್ರಾಫ್ಟ್ ಕಣಯ್ಯಾ ಅದು” ಅಂದರು. ಆಮೇಲೆ ಕೊನೆಯ ಪುಟದ ಅಡಿಯಲ್ಲಿ ‘ನೋಡಿದೆ’ ಅಂತ ಬರೆದು, ಚಿಕ್ಕ ಸಹಿ ಹಾಕಿ, ತಾರೀಖು ಹಾಕಿದರು. ಬಾಗಿಲವರೆಗೆ ಬಂದು, ದನಿ ತಗ್ಗಿಸಿ ಕೇಳಿದರು: “ಹಾಗಾದರೆ ಅಲ್ಲಿ ಈಗ ಚಾರ್ಜ್ ಯಾರ ಹತ್ತಿರ ಇದೆ?”

ಇವತ್ತು ಬೆಳಗ್ಗೆ ಶಾಲನ್ನು ಬಾಲ್ಕನಿಯ ಹಗ್ಗಕ್ಕೆ ಹಾಕಿದೆ, ಗುಳಿಗೆಯ ವಾಸನೆ ಹೋಗಲಿ ಅಂತ. ಹಾಕಿ ನಳಿನಿಗೆ ಫೋನು ಮಾಡಿದೆ. ಎರಡು ವರ್ಷದ ಮೇಲೆ. ಎತ್ತಿದಳು. “ಹೇಳು ಅಣ್ಣಾ” ಅಂದಳು, ನಿನ್ನೆಯಷ್ಟೇ ಮಾತಾಡಿದವಳ ಹಾಗೆ. ನಾನು ಶುರುಮಾಡುವ ಮೊದಲೇ ಎದುರು ಬಾಲ್ಕನಿಯಿಂದ ಪದ್ಮಕ್ಕನ ದನಿ ಬಂತು. ರಾಯರು ಕಡತ ಇನ್ನೂ ಅವರಿಗೆ ಕಳಿಸಿರಲಿಲ್ಲ ಅಂತ ಕಾಣುತ್ತದೆ.

“ಬಿಸಿಲಿಗೆ ಹಾಕಿದೀಯಲ್ಲ, ಯಾರದ್ದು ಶಾಲು?”

ಕೆಳಗೆ ಕಬಾಡಿಯವನು ಸೈಕಲ್ ತಳ್ಳಿಕೊಂಡು ಕೂಗುತ್ತಿದ್ದ. ಫೋನನ್ನು ಕಿವಿಯಿಂದ ತೆಗೆಯದೆ, ಅವನಿಗಿಂತ ಜೋರಾಗಿ ಹೇಳಿದೆ.

“ನನ್ನ ತಂಗಿಯದು, ಪದ್ಮಕ್ಕ. ಭಾನುವಾರ ಬರ್ತಾಳೆ.”

ಪದ್ಮಕ್ಕ ಕಿವಿಗೆ ಕೈ ಹಿಡಿದು ಏನೆಂದು ಸನ್ನೆ ಮಾಡಿದರು. ಕಬಾಡಿಯವನು ತಲೆಯೆತ್ತಿ ನೋಡಿದ. ಫೋನಿನಲ್ಲಿ ಸದ್ದಿಲ್ಲ, ಸಮುದ್ರವಿಲ್ಲ, ಹಕ್ಕಿಯಿಲ್ಲ. ಆಮೇಲೆ ಅವಳ ದನಿ ಬಂತು, ಮೂಗು ಕಟ್ಟಿದ ದನಿ.

“ಅಣ್ಣಾ, ಒನ್ ಮೋರ್.”

ಹೇಳಿದೆ.